ಮೀಡಿಯಾಪಾರ್ಟ್: ಒಂಬತ್ತು ಯೂರೋ ಲೆಕ್ಕ ಮತ್ತು ಎಡಪಂಥ

ಫ್ರಾನ್ಸ್‌ನ ಆನ್‌ಲೈನ್ ಪತ್ರಿಕೆ ಮೀಡಿಯಾಪಾರ್ಟ್ ಬಗ್ಗೆ ಎರಡು ಪ್ರಶ್ನೆ: ಅದರ ತೆರಿಗೆ ಜಗಳ ಏನು, ಒಲವು ಯಾವ ಕಡೆ? ಅದು ಶುರುವಾಗಿದ್ದು 2008ರ ಮಾರ್ಚ್ 16ರಂದು, ಪ್ಯಾರಿಸ್‌ನಲ್ಲಿ. ಸ್ಥಾಪಕರಲ್ಲಿ ಮುಖ್ಯ ಹೆಸರು ಎಡ್ವಿ ಪ್ಲೆನೆಲ್, ಲ ಮೊಂಡ್ ಪತ್ರಿಕೆಯ ಸಂಪಾದಕೀಯ ವಿಭಾಗದ ಮುಖ್ಯಸ್ಥರಾಗಿದ್ದವರು. ಅಚ್ಚಿನ ಪತ್ರಿಕೆ ಇಲ್ಲ, ಜಾಹೀರಾತು ಇಲ್ಲ, ಆಗ ತಿಂಗಳಿಗೆ 9 ಯೂರೋ ಚಂದಾ. ಇಂಟರ್ನೆಟ್‌ನಲ್ಲಿ ಸುದ್ದಿ ಅಂದರೆ ಪುಕ್ಕಟೆ ಅಂತಲೇ ಎಲ್ಲರೂ ಅಂದುಕೊಂಡಿದ್ದ ಕಾಲ ಅದು.

ಮೊದಲು ಸರ್ಕಾರದ ಜೊತೆಗಿನ ತೆರಿಗೆ ಜಗಳ. ಇಲ್ಲಿ ಸ್ವಲ್ಪ ನಿಧಾನ ಮಾಡಿ. ಅಚ್ಚಾದ ಪತ್ರಿಕೆಗೆ ಫ್ರಾನ್ಸ್‌ನಲ್ಲಿ ವ್ಯಾಟ್ 2.1%, ಆನ್‌ಲೈನ್ ಪತ್ರಿಕೆಗೆ ಆಗ 19.6%. ಒಂಬತ್ತರ ಮೇಲೆ 19.6% ಹಾಕಿ 1.76 ಅಂತ ಬರೆದರೆ ತಪ್ಪು. ನಮ್ಮ ಎಂಆರ್‌ಪಿ ಹಾಗೆ ಆ 9 ಯೂರೋದಲ್ಲಿ ತೆರಿಗೆ ಆಗಲೇ ಸೇರಿದೆ. ಹಾಗಾಗಿ 1.196ರಿಂದ ಭಾಗಿಸಬೇಕು: ಪತ್ರಿಕೆಗೆ ಉಳಿಯೋದು ಸುಮಾರು 7.525, ತೆರಿಗೆ 1.475. ಅದೇ 1.021ರಿಂದ ಭಾಗಿಸಿದರೆ 8.815 ಉಳಿಯುತ್ತೆ, ತೆರಿಗೆ ಬರೀ 0.185. ಒಬ್ಬ ಚಂದಾದಾರನ ಮೇಲೆ ತಿಂಗಳಿಗೆ 1.29 ಯೂರೋ ವ್ಯತ್ಯಾಸ. ಜಾಹೀರಾತೇ ಇಲ್ಲದವರಿಗೆ ಇದು ಸಣ್ಣ ಮೊತ್ತವಲ್ಲ.

ಮೀಡಿಯಾಪಾರ್ಟ್ ಕಾನೂನು ಬದಲಾಗುವ ತನಕ ಕಾಯಲಿಲ್ಲ. ಪತ್ರಿಕೆ ಅಂದಮೇಲೆ ಪತ್ರಿಕೆಯೇ ಎಂದು ತಾನಾಗಿಯೇ 2.1% ಕಟ್ಟುತ್ತಾ ಬಂತು. 2014ರ ಫೆಬ್ರವರಿಯಲ್ಲಿ ಕಾನೂನು ಎರಡಕ್ಕೂ ಒಂದೇ ದರ ಮಾಡಿತು. ಆದರೆ ಹಳೇ ಬಾಕಿ ಮನ್ನಾ ಆಗಲಿಲ್ಲ. ದಂಡವೂ ಸೇರಿ 40 ಲಕ್ಷ ಯೂರೋ ದಾಟಿದ ಬಿಲ್ಲು ಬಂತು. ಓದುಗರ ಹತ್ತಿರ ದೇಣಿಗೆ ಎತ್ತಬೇಕಾಯಿತು.

ಇನ್ನು ಪತ್ರಿಕೆಯ ರಾಜಕೀಯ ಒಲವು? ಎಡ, ಅನುಮಾನ ಬೇಡ. ಪ್ಲೆನೆಲ್ ಯೌವನದಲ್ಲಿ ಟ್ರಾಟ್‌ಸ್ಕಿವಾದಿ, ಅಂದರೆ ತೀವ್ರ ಎಡಪಂಥದ ಕಮ್ಯುನಿಸ್ಟ್. ಬಲಪಂಥದ ನಿಕೊಲಾ ಸರ್ಕೋಜಿ ಅಧ್ಯಕ್ಷರಾಗಿದ್ದಾಗ, 2010ರಲ್ಲಿ, ಲೋರಿಯಾಲ್ ಒಡತಿ ಬೆಟಾಂಕೂರ್ ಮನೆಯಲ್ಲಿ ಬಟ್ಲರ್ ಗುಟ್ಟಾಗಿ ಮಾಡಿದ ಧ್ವನಿಮುದ್ರಣಗಳನ್ನು ಹೊರಹಾಕಿ ಹೆಸರಾದದ್ದು ಇದೇ ಪತ್ರಿಕೆ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅರ್ಧ ಉತ್ತರ. 2012ರ ಡಿಸೆಂಬರ್‌ನಲ್ಲಿ ಅಧಿಕಾರದಲ್ಲಿದ್ದದ್ದು ಸಮಾಜವಾದಿಗಳು. ತೆರಿಗೆ ವಂಚಕರನ್ನು ಹಿಡಿಯಬೇಕಿದ್ದ ಬಜೆಟ್ ಸಚಿವ ಜೆರೋಮ್ ಕಾಯುಜಾಕ್‌ಗೇ ಸ್ವಿಸ್ ಖಾತೆ ಇತ್ತು ಎಂದು ಮೀಡಿಯಾಪಾರ್ಟ್ ಬರೆಯಿತು. ಅವರು ಸಂಸತ್ತಿನಲ್ಲಿ ನಿಂತು ಅಲ್ಲಗಳೆದರು. ಮಾರ್ಚ್‌ನಲ್ಲಿ ರಾಜೀನಾಮೆ, ಏಪ್ರಿಲ್‌ನಲ್ಲಿ ತಪ್ಪೊಪ್ಪಿಗೆ.

ಒಲವು ಅಳೆಯಲು ನನ್ನ ಸುಲಭ ದಾರಿ ಇದು: ಯಾವ ಪತ್ರಿಕೆಯೇ ಆಗಲಿ, ಅದರ ಒಲವಿನವರೇ ಗದ್ದುಗೆಯಲ್ಲಿದ್ದಾಗ ಬಂದ ಅತಿ ದೊಡ್ಡ ತನಿಖಾ ವರದಿ ಯಾವುದು ಅಂತ ಮೊದಲು ಹುಡುಕಿ. ಸಂಪಾದಕೀಯಗಳನ್ನು ಆಮೇಲೆ ಓದಬಹುದು.

ನಮಗೆ ಹತ್ತಿರದ ಉದಾಹರಣೆ ಬೇಕಾದರೆ ಭಾರತ ಫ್ರಾನ್ಸ್‌ನಿಂದ ಕೊಂಡ ರಫೇಲ್ ಯುದ್ಧವಿಮಾನ. ಹಳೆಯ 126 ವಿಮಾನಗಳ ಮಾತುಕತೆಯಲ್ಲಿ 108 ಭಾರತದಲ್ಲೇ, ಬೆಂಗಳೂರಿನ ಎಚ್‌ಎಎಲ್ ಪಾಲಿಗೆ ಬರಬೇಕಿತ್ತು. 36 ವಿಮಾನಗಳ ಹೊಸ ಒಪ್ಪಂದದಲ್ಲಿ ಅನಿಲ್ ಅಂಬಾನಿಯ ರಿಲಯನ್ಸ್ ಪಾಲುದಾರನಾದದ್ದು ಫ್ರಾನ್ಸ್‌ನ ಆಯ್ಕೆಯಲ್ಲ ಎಂದು ಮಾಜಿ ಅಧ್ಯಕ್ಷ ಫ್ರಾಂಸ್ವಾ ಒಲಾಂದ್ 2018ರಲ್ಲಿ ಹೇಳಿದ್ದು ಮೀಡಿಯಾಪಾರ್ಟ್‌ಗೆ. ಒಲಾಂದ್ ಕೂಡ ಸಮಾಜವಾದಿಯೇ.

ಉಲ್ಲೇಖಿಸುವವರಿಗೆ ಒಂದು ಎಚ್ಚರಿಕೆ: ಚಂದಾದಾರರೇ ಬರೆಯುವ ‘ಕ್ಲಬ್’ ಎಂಬ ಭಾಗ ಬೇರೆ ಇದೆ. ಅಲ್ಲಿನ ಲೇಖನವನ್ನು ಪತ್ರಿಕೆಯ ನಿಲುವು ಎಂದು ಬರೆಯಬೇಡಿ.