ಬೇಸ್ ಗಿಟಾರಿನ ಪಿಕಪ್ ಎಲ್ಲಿಂದ ಕೇಳಿಸಿಕೊಳ್ಳುತ್ತದೆ?

ವಿಜಯಪುರ ಕಡೆಯ ತತ್ವಪದಕಾರರ ಏಕತಾರಿಯನ್ನು ನಡುವೆ ಮೀಟಿದರೆ ನಾದ ದುಂಡಗೆ ಬರುತ್ತದೆ. ತಂತಿಗೆ ಬುಡದಲ್ಲಿ ಆನಿಕೆಯಾಗಿರುವ ಕುದುರೆಯ ಹತ್ತಿರ ಮೀಟಿದರೆ ಅದೇ ಸ್ವರ ತೆಳುವಾಗಿ, ಚೂಪಾಗಿ ಕೇಳುತ್ತದೆ. ಬೇಸ್ ಗಿಟಾರಿನಲ್ಲಿ ಎಲ್ಲಿ ಮೀಟುತ್ತೇವೆ ಎಂಬುದರ ಜೊತೆಗೆ, ಪಿಕಪ್ ಎಲ್ಲಿ ಕೂತು ಕೇಳಿಸಿಕೊಳ್ಳುತ್ತದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಪಿಕಪ್ ಎಂದರೆ ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಸಾವಿರಾರು ಸುತ್ತು. ತನ್ನ ನೆತ್ತಿಯ ಮೇಲೆ ಗಿಟಾರಿನ ತಂತಿ ಅಲುಗಿದಷ್ಟೇ ಅದಕ್ಕೆ ಗೊತ್ತು. ಮೀಟಿದ ತಂತಿಯೋ ಒಟ್ಟೊಟ್ಟಿಗೆ ಹಲವು ಬಗೆಯಲ್ಲಿ ಕಂಪಿಸುತ್ತದೆ: ಇಡೀ ತಂತಿ ಒಂದೇ ಕಮಾನಾಗಿ ಅಲುಗಿದರೆ ಮೂಲಸ್ವರ, ಎರಡು, ಮೂರು, ನಾಲ್ಕು ಪಾಲಾಗಿ ಅಲುಗಿದರೆ ಉಪಸ್ವರಗಳು.

ಸಾಮಾನ್ಯ ಬೇಸಿನ ತಂತಿ 34 ಇಂಚು, ಅಂದರೆ 864 ಮಿ.ಮೀ. ಕುದುರೆಯಿಂದ 150 ಮಿ.ಮೀ. ದೂರದಲ್ಲಿ ಮೂಲಸ್ವರದ ಅಲುಗಾಟ, ತಂತಿಯ ನಟ್ಟನಡುವೆ ಇರುವುದರ ಶೇ. 52ರಷ್ಟು. 60 ಮಿ.ಮೀ.ಗೆ ಸರಿದರೆ ಬರೀ ಶೇ. 22. ನಾಲ್ಕು ಪಾಲಿನ ಉಪಸ್ವರ ಮಾತ್ರ ತನ್ನ ಗರಿಷ್ಠ ಅಲುಗಾಟದ ಶೇ. 82ರಿಂದ 77ಕ್ಕಷ್ಟೇ ಇಳಿಯುತ್ತದೆ. ಕುದುರೆ ಬದಿಯ ಪಿಕಪ್ ಚೂಪು ನಾದವನ್ನು ಹೊಸದಾಗಿ ಸೇರಿಸುವುದಿಲ್ಲ. ಮೂಲಸ್ವರವನ್ನು ಕೈಬಿಡುತ್ತದೆ, ಅಷ್ಟೇ.

ಅಲ್ಲಿ ಒಟ್ಟು ಅಲುಗಾಟವೇ ಕಡಿಮೆ, ಆದ್ದರಿಂದ ಆ ಪಿಕಪ್ಪನ್ನು ಸ್ಕ್ರೂ ತಿರುಗಿಸಿ ಮೇಲೆತ್ತಬೇಕು. ತಂತಿಯನ್ನು ಕೊನೆಯ ಫ್ರೆಟ್ಟಿನಲ್ಲಿ (ಸ್ವರಸ್ಥಾನದ ಲೋಹದ ಪಟ್ಟಿ) ಒತ್ತಿ ಹಿಡಿದು ನೋಡಿ: ತಂತಿಗೂ ಪಿಕಪ್ಪಿಗೂ ನಡುವೆ, ಕುದುರೆ ಬದಿಯದರಲ್ಲಿ ಸುಮಾರು 2.5 ಮಿ.ಮೀ., ನೆಕ್ (ಗಿಟಾರಿನ ಕತ್ತು) ಬದಿಯದರಲ್ಲಿ 3 ಮಿ.ಮೀ. ಸಂದು ಇರಲಿ. ಇನ್ನೂ ಹತ್ತಿರ ತಂದರೆ ಅಯಸ್ಕಾಂತ ತಂತಿಯನ್ನೇ ಎಳೆಯುತ್ತದೆ. ದಪ್ಪ ತಂತಿಯ ಮೇಲಿನ ಫ್ರೆಟ್ಟುಗಳಲ್ಲಿ ಶ್ರುತಿ ನಡುಗುತ್ತದೆ.

ಫೆಂಡರ್ 1960ರಲ್ಲಿ ತಂದ ಜಾಝ್ ಬೇಸಿನಂತೆ ಎರಡು ಪಿಕಪ್ ಇದ್ದರೆ ಇನ್ನೊಂದು ತೊಡಕು. ಮೇಲೆ ಹೇಳಿದ 150, 60 ಮಿ.ಮೀ. ಜಾಗಗಳಲ್ಲಿ ಪಿಕಪ್ ಇದ್ದರೆ, 6ರಿಂದ 11 ಪಾಲಿನ ಕಂಪನಗಳು ಒಂದಕ್ಕೊಂದು ಎದುರಾಗಿರುತ್ತವೆ. ಒಂದು ಪಿಕಪ್ಪಿನ ಮೇಲೆ ತಂತಿ ಏರಿದಾಗ ಇನ್ನೊಂದರ ಮೇಲೆ ಇಳಿದಿರುತ್ತದೆ. ಎರಡರ ವಾಲ್ಯೂಮನ್ನೂ ಪೂರ್ತಿ ತೆರೆದರೆ ಆ ಕಂಪನಗಳು ಒಂದನ್ನೊಂದು ಕಳೆದುಹಾಕುತ್ತವೆ. ದಪ್ಪ ಇ ತಂತಿಯನ್ನು ಫ್ರೆಟ್ ಒತ್ತದೆ ಮೀಟಿದರೆ 250ರಿಂದ 450 ಹರ್ಟ್ಜ್ ಒಳಗಿನ ನಾದ ಟೊಳ್ಳಾಗುತ್ತದೆ. ಕೋಣೆಯಲ್ಲಿ ಇದು ಚೆಂದವೇ. ಆದರೆ ಬೆಳಗಾವಿಯ ಗಣೇಶೋತ್ಸವದ ಆರ್ಕೆಸ್ಟ್ರಾದಲ್ಲಿ, ಆಳೆತ್ತರದ ಸ್ಪೀಕರುಗಳ ಮುಂದೆ, ಗುಡುಗು ಮಾತ್ರ ಉಳಿದು ಬೇಸ್ ಯಾವ ಸ್ವರ ನುಡಿಸುತ್ತಿದೆ ಎಂಬುದೇ ತಿಳಿಯುವುದಿಲ್ಲ. ಆಂಪ್ಲಿಫೈಯರಿನ ತಗ್ಗು ನಾದದ (ಬಾಸ್) ನಾಬ್ ಏರಿಸಿದರೆ ಇನ್ನಷ್ಟು ಕೆಡುತ್ತದೆ. ಬದಲಿಗೆ ನೆಕ್ ಪಿಕಪ್ಪಿನ ವಾಲ್ಯೂಮ್ ನಾಬನ್ನು ಸ್ವಲ್ಪ ಇಳಿಸಿ: ಪರಸ್ಪರ ಕಳೆಯುವಿಕೆ ಅರೆಬರೆಯಾಗಿ, ನಡುವಿನ ನಾದ ಮರಳಿ ಬರುತ್ತದೆ.