ಮುರಿದ ಫೋರ್ಕ್, ಉರಿವ ಕುಲುಮೆ: ಯುಜೀನ್ ಕ್ರಿಸ್ತೋಫ್ ತೆತ್ತ ಬೆಲೆ

ಹಲವು ಹಂತಗಳಲ್ಲಿ ನಡೆಯುವ ಫ್ರಾನ್ಸ್‌ನ ಸೈಕಲ್ ಓಟ ಟೂರ್ ದ ಫ್ರಾನ್ಸ್‌ನಲ್ಲಿ ಇಂದು ಸೈಕಲ್ ಕೆಟ್ಟರೆ, ಹಿಂದೆಯೇ ಬರುವ ತಂಡದ ಕಾರಿನಿಂದ ಬೇರೊಂದು ಸೈಕಲ್ ಸವಾರನ ಕೈಸೇರುತ್ತದೆ. ಮೊದಲ ದಶಕಗಳಲ್ಲಿ ಹೀಗಿರಲಿಲ್ಲ. ಸವಾರನು ಸ್ವಂತ ಬಲದಿಂದಲೇ ಗೆಲ್ಲಬೇಕೆಂದು ಸಂಘಟಕ ಆನ್ರಿ ದೆಗ್ರಾಂಜ್ ನಂಬಿದ್ದರು. ದಾರಿಯಲ್ಲಿ ಏನೇ ಮುರಿದರೂ ಪರರ ನೆರವಿಲ್ಲದೆ ತಾನೇ ರಿಪೇರಿ ಮಾಡಿಕೊಳ್ಳಬೇಕೆಂಬುದು ನಿಯಮ. ಅದಕ್ಕೆ ಅತಿ ಹೆಚ್ಚು ಬೆಲೆ ತೆತ್ತವರು ಯುಜೀನ್ ಕ್ರಿಸ್ತೋಫ್.

1885ರಲ್ಲಿ ಪ್ಯಾರಿಸ್ ಬಳಿಯ ಮಲಕೋಫ್‌ನಲ್ಲಿ ಹುಟ್ಟಿದ ಅವರು ಬೀಗ ಮಾಡುವ ಕಸುಬು ಕಲಿತವರು. 1910ರಲ್ಲಿ ಹಿಮ ಸುರಿಯುತ್ತಿದ್ದಾಗಲೇ ಇಟಲಿಯ ಮಿಲಾನ್–ಸಾನ್ ರೆಮೊ ಸೈಕಲ್ ಓಟವನ್ನು ಗೆದ್ದರು. 1912ರ ಟೂರ್‌ನಲ್ಲಿ ಎರಡನೆಯವರಾದರು. ಅಲ್ಲಿಯವರೆಗೆ ಅಂಕಗಳಿಂದ ನಿರ್ಣಯವಾಗುತ್ತಿದ್ದ ಫಲಿತಾಂಶ ಮರುವರ್ಷ ಒಟ್ಟು ಸಮಯದ ಲೆಕ್ಕಕ್ಕೆ ಮರಳಿತು.

ಆ 1913ರಲ್ಲಿ, ಬಯೋನ್‌ನಿಂದ ಲುಶೋನ್‌ವರೆಗಿನ 326 ಕಿಲೋಮೀಟರ್ ಹಾದಿಯಲ್ಲಿ, ಪಿರನೀಸ್ ಪರ್ವತದ ತುರ್ಮಲೆ ಘಟ್ಟ ಹತ್ತಿ ಇಳಿಯುವಾಗ ಅವರ ಸೈಕಲ್ಲಿನ ಮುಂದಿನ ಚಕ್ರವನ್ನು ಹಿಡಿದಿಡುವ ಕವಲು, ಅಂದರೆ ಫೋರ್ಕ್, ಮುರಿಯಿತು. ಸೈಕಲ್ಲನ್ನು ಹೊತ್ತು ಹತ್ತಕ್ಕೂ ಹೆಚ್ಚು ಕಿಲೋಮೀಟರ್ ನಡೆದು ಸೇಂತ್-ಮರಿ-ದ-ಕಾಂಪಾನ್ ಎಂಬ ಹಳ್ಳಿ ತಲುಪಿದರು. ಅಲ್ಲಿನ ಕುಲುಮೆಯಲ್ಲಿ, ಅಧಿಕಾರಿಗಳು ಕಾವಲು ನಿಂತು ನೋಡುತ್ತಿರುವಾಗ, ಕಬ್ಬಿಣವನ್ನು ತಾವೇ ಕಾಯಿಸಿ ಬಡಿದು ಬೆಸೆದರು. ಎರಡೂ ಕೈಗಳು ಕೆಲಸದಲ್ಲಿದ್ದುದರಿಂದ ಹುಡುಗನೊಬ್ಬ ತಿದಿ ಒತ್ತಿದ. ಅದನ್ನೂ ಪರರ ನೆರವೆಂದು ಎಣಿಸಿ 10 ನಿಮಿಷಗಳ ದಂಡ ಹಾಕಿದರು. ಮುಂದೆ ಅದನ್ನು 3ಕ್ಕೆ ಇಳಿಸಿದರು. ಸುಮಾರು ನಾಲ್ಕು ಗಂಟೆಗಳನ್ನೇ ಕಳೆದುಕೊಂಡವರಿಗೆ ಆ ರಿಯಾಯಿತಿಯಿಂದ ಆಗುವುದೇನಿತ್ತು? ಟೂರ್ ಫಿಲಿಪ್ ತೀಸ್ ಪಾಲಾಯಿತು.

ಮೊದಲ ಮಹಾಯುದ್ಧ ಮುಗಿದ ಮೇಲೆ ನಡೆದ 1919ರ ಟೂರ್‌ನಲ್ಲಿ, ಮುಂಚೂಣಿಯ ಸವಾರ ಜನರ ಕಣ್ಣಿಗೆ ಬೀಳಲೆಂದು ದೆಗ್ರಾಂಜ್ ಗ್ರೆನೋಬಲ್‌ನಲ್ಲಿ ಹಳದಿ ಜೆರ್ಸಿಯನ್ನು ಜಾರಿಗೆ ತಂದರು. ಅವರ ‘ಲೋಟೋ’ ಪತ್ರಿಕೆ ಅಚ್ಚಾಗುತ್ತಿದ್ದುದೂ ಹಳದಿ ಕಾಗದದ ಮೇಲೆಯೇ. ಆ ಜೆರ್ಸಿಯನ್ನು ಮೊದಲು ತೊಟ್ಟ ಕ್ರಿಸ್ತೋಫ್‌ಗೆ, ಹಳದಿ ಬಣ್ಣದ ಕೆನರಿ ಹಕ್ಕಿಯೆಂದು ಕೂಗುವ ಪ್ರೇಕ್ಷಕರಿಂದ ಬೇಸರವಾಗಿತ್ತು. ಕೊನೆಯ ಎರಡು ಹಂತಗಳಷ್ಟೇ ಉಳಿದಿದ್ದಾಗ 28 ನಿಮಿಷಗಳ ಮುನ್ನಡೆ ಅವರದಾಗಿತ್ತು. ಆದರೆ ಮೆಟ್ಜ್–ಡಂಕರ್ಕ್ ಹಂತದಲ್ಲಿ, ವಲಾಂಸಿಯೆನ್ ಬಳಿ, ಫೋರ್ಕ್ ಮತ್ತೆ ಮುರಿಯಿತು. ಎರಡು ಗಂಟೆಗೂ ಹೆಚ್ಚು ಹೊತ್ತು ಕಳೆದುಹೋಗಿ, ಫಿರ್ಮಾ ಲಾಂಬೊ ಗೆದ್ದರು, ಕ್ರಿಸ್ತೋಫ್ ಮೂರನೆಯವರಾದರು. ಮರುಗಿದ ಓದುಗರು ಕಳುಹಿಸಿದ ಹಣ 13,310 ಫ್ರಾಂಕ್‌ಗೆ ತಲುಪಿ, ವಿಜೇತರ ಬಹುಮಾನವನ್ನೂ ಮೀರಿಸಿತು. ನಿಯಮವನ್ನು ಜನರು ಅನ್ಯಾಯವೆಂದೇ ಕಂಡಿದ್ದರೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ ಎಂಬುದು ನನ್ನ ಅನಿಸಿಕೆ.

1922ರಲ್ಲಿ ಗಲಿಬಿಯೆ ಘಟ್ಟದಲ್ಲಿ ಮೂರನೆಯ ಸಲ ಫೋರ್ಕ್ ಮುರಿಯಿತು. ಟೂರ್ ಗೆಲ್ಲದೆಯೇ 1926ರಲ್ಲಿ ನಿವೃತ್ತರಾದ ಅವರು 1970ರಲ್ಲಿ ತೀರಿಕೊಂಡರು. ಆ ಕುಲುಮೆಯ ಹಳ್ಳಿಯಲ್ಲಿ ಅವರ ನೆನಪಿನ ಫಲಕ ಇಂದಿಗೂ ಇದೆ.