ನಸುಕಿನಲ್ಲಿ ಬ್ಯಾಡಗಿ ಕಾಯಿ ಕಪ್ಪಗೆ ಕಾಣುವುದೇಕೆ?

ಬ್ಯಾಡಗಿ ಮಾರುಕಟ್ಟೆಯಲ್ಲಿ ನಸುಕಿಗೇ ಬಂದಿಳಿದ ಚೀಲದ ಬಾಯಿ ಬಿಚ್ಚಿ ನೋಡಿ. ದೀಪವಿಲ್ಲದ ಮೂಲೆಯಲ್ಲಿ ಮೆಣಸಿನಕಾಯಿ ಇದ್ದಿಲಿನಂತಿರುತ್ತದೆ. ಪಕ್ಕದಲ್ಲೇ ಬಿದ್ದ ಬೇವಿನೆಲೆ ಅದಕ್ಕಿಂತ ತಿಳಿಯಾಗಿ ಕಾಣುತ್ತದೆ. ಬೆಳಕು ಹರಿದ ಮೇಲೆ ಅದೇ ಕಾಯಿ ಕೆಂಡದ ಹಾಗೆ.

ಮಬ್ಬಿನಲ್ಲಿ ಕೆಂಪು ಹೀಗೆ ಕಪ್ಪಾಗುವುದನ್ನು 1825ರಲ್ಲಿ ಬರೆದಿಟ್ಟವನು ಬೊಹೀಮಿಯಾದ ಶರೀರವಿಜ್ಞಾನಿ ಯಾನ್ ಪುರ್ಕಿನ್ಯೆ. ಕಾರಣದ ಎಳೆ ಸಿಕ್ಕಿದ್ದು 1866ರಲ್ಲಿ. ಬ್ಯಾಡಗಿ ಕಾಯಲ್ಲಿ ಡಬ್ಬಿ, ಕಡ್ಡಿ ಎಂದು ಎರಡು ಬಗೆ ಇದ್ದಂತೆ, ಕಣ್ಣಿನ ಒಳಪರದೆಯಾದ ಅಕ್ಷಿಪಟಲದಲ್ಲೂ ಎರಡು ಬಗೆಯ ಕೋಶಗಳು: ಮಬ್ಬಿಗೆ ದಂಡಕೋಶ, ಹಗಲಿಗೆ ಶಂಕುಕೋಶ ಎಂದು ಜರ್ಮನಿಯ ಮ್ಯಾಕ್ಸ್ ಶುಲ್ಟ್ಸೆ ವಿಂಗಡಿಸಿದ. ದಂಡಕೋಶಗಳು ಸುಮಾರು 12 ಕೋಟಿ, ಶಂಕುಕೋಶಗಳು 60 ಲಕ್ಷ. ದಂಡಕೋಶ ಚುರುಕಾಗಿರುವುದು 500 ನ್ಯಾನೊಮೀಟರ್ ಅಲೆಯುದ್ದದ ಆಸುಪಾಸಿನ ನೀಲಿ–ಹಸಿರು ಬೆಳಕಿಗೆ. ಒಣಮೆಣಸಿನಕಾಯಿಯಿಂದ ಚಿಮ್ಮುವುದು ಹೆಚ್ಚಾಗಿ 600ರಾಚೆಯ ಕೆಂಪು ಬೆಳಕು. ಅಲ್ಲಿ ದಂಡಕೋಶ ಹೆಚ್ಚುಕಡಿಮೆ ಕುರುಡು.

ಬೆಳಕು ಸಾಕಷ್ಟಿದ್ದರೂ ಕಣ್ಣು ಮೋಸಹೋಗುತ್ತದೆ. ಪ್ಯಾರಿಸ್ಸಿನ ಗೋಬಲಾಂ ನೇಕಾರಿಕೆ ಕಾರ್ಖಾನೆಯಲ್ಲಿ ಕಪ್ಪು ನೂಲಿಗೆ ಗಾಢತೆ ಸಾಲದೆಂಬ ದೂರು ಬಂದಾಗ, ಬಣ್ಣಗಾರಿಕೆಯ ಮೇಲ್ವಿಚಾರಕ ಶೆವ್ರಲ್ ಪರೀಕ್ಷಿಸಿ ನೋಡಿದ. ಬಣ್ಣ ಸರಿಯಾಗೇ ಇತ್ತು, ಪಕ್ಕದ ನೀಲಿ–ನೇರಳೆ ಎಳೆಗಳು ಅದನ್ನು ಕೆಡಿಸಿದ್ದವು. 1839ರಲ್ಲಿ ಇದನ್ನೇ ಪುಸ್ತಕವಾಗಿಸಿದ. ಶಂಕುಕೋಶಗಳ ಸುದ್ದಿ ಹಾಗೇ ಮಿದುಳಿಗೆ ಹೋಗುವುದಿಲ್ಲ. ಕೆಂಪು–ಹಸಿರು, ನೀಲಿ–ಹಳದಿ ಜೋಡಿಗಳ ನಡುವಿನ ವ್ಯತ್ಯಾಸವಾಗಿ, ಸುಮಾರು 10 ಲಕ್ಷ ನರತಂತುಗಳಲ್ಲಿ ಹೋಗುತ್ತದೆ. ಮಿದುಳು ಅಕ್ಕಪಕ್ಕದ್ದನ್ನು ಹೋಲಿಸಿಯೇ ಬಣ್ಣ ತೀರ್ಮಾನಿಸುತ್ತದೆ. ಹಸಿರು ತಾಡಪತ್ರಿಯ ಮೇಲೆ ಸುರಿದ ಕಾಯಿ ಹೆಚ್ಚು ಕೆಂಪಗೆ ಕಾಣುವುದು ಹೀಗೆ. ವ್ಯಾಪಾರಿಯ ಜಾಣತನವೂ ಇರಬಹುದು, ಬಿಡಿ.

ಕಾಯಿಯ ಬಣ್ಣ ಅಳೆಯಲು ಪ್ರಯೋಗಾಲಯದ ದಾರಿ ಬೇರೆ. ಅಮೆರಿಕದ ಮಸಾಲೆ ವ್ಯಾಪಾರಿಗಳ ಸಂಘದ (ಆಸ್ಟಾ) ವಿಧಾನದಲ್ಲಿ 70ರಿಂದ 100 ಮಿಲಿಗ್ರಾಂ ಪುಡಿಯನ್ನು 100 ಮಿಲಿಲೀಟರ್ ಅಸಿಟೋನಿನಲ್ಲಿ 16 ಗಂಟೆ ಕತ್ತಲಲ್ಲಿಟ್ಟು, ಆ ದ್ರಾವಣ 460 ನ್ಯಾನೊಮೀಟರಿನ ಬೆಳಕನ್ನು ಎಷ್ಟು ಹೀರುತ್ತದೆಂದು ಅಳೆಯುತ್ತಾರೆ. ಕಾಯಿಗೆ ದರ ಕಟ್ಟುವ ಟೆಂಡರ್ ದಿನ ಅಷ್ಟು ಹೊತ್ತು ಕಾಯುವವರಾರು?

ಕಣ್ಣಿನಿಂದಲೇ ನೋಡುವುದಾದರೆ ಹಿಡಿ ಕಾಯಿಯನ್ನು ಬಿಳಿ ಹಾಳೆಯ ಮೇಲೆ ಹರವಿ, ಬಯಲಿನ ನೆರಳಿಗೆ ತನ್ನಿ. ಬಣ್ಣದ ಶೆಡ್ಡಿನ ಕೆಳಗೆ, ಬಲ್ಬಿನ ಹಳದಿ ಬೆಳಕಿನಲ್ಲಿ ಬೇಡ. ಒಂದಾದ ಮೇಲೊಂದು ಕೆಂಪು ರಾಶಿ ನೋಡುತ್ತ ಹೋದರೆ, ಕೆಂಪಿಗೆ ಸ್ಪಂದಿಸುವ ಕೋಶಗಳು ದಣಿಯುತ್ತವೆ. ಹತ್ತನೆಯ ರಾಶಿ ಮಂಕಾಗಿ ಕಂಡರೆ, ಒಂದೆರಡು ನಿಮಿಷ ಬಿಳಿ ಗೋಡೆ ನೋಡಿ ಮತ್ತೆ ತಿರುಗಿ. ಇಲ್ಲವಾದರೆ ಕಣ್ಣಿನ ದಣಿವಿಗೆ ಕೊನೆಯ ರೈತ ದರ ಕಳೆದುಕೊಳ್ಳುತ್ತಾನೆ.